ಏಳು ಕೋಟೆ ಬೇಡ, ನಾಲ್ಕು ಸಾಕು: ವೇಲ್ಸ್‌ನ ಕೋಟೆ ಟೂರಿಗೆ ಹೊರಟವರಿಗೆ

ನಮ್ಮ ಮನೆ ಇರುವುದು ಶ್ರೀರಂಗಪಟ್ಟಣದ ಕೋಟೆಯೊಳಗೆ. ವಾಟರ್ ಗೇಟಿಗೆ ಹತ್ತು ನಿಮಿಷದ ನಡಿಗೆ. ಸರ್ಕಾರಿ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವಳು ನಾನು. ಮ್ಯಾಂಚೆಸ್ಟರಿನಲ್ಲಿರುವ ಮಗಳು "ಅಮ್ಮ, ಈ ಸಲ ವೇಲ್ಸ್‌ಗೆ ಹೋಗಿ ಕೋಟೆ ನೋಡೋಣ" ಅಂದಾಗ ನಮ್ಮ ಯಜಮಾನರು, "ಅಲ್ಲಿಗಂಟ ಹೋಗಿ ಕೋಟೆನೇ ನೋಡ್ಬೇಕಾ? ಮನೆ ಹಿಂದೆ ಐತಲ್ಲ!" ಅಂದರು. ಅವರ ಮಾತಲ್ಲಿ ತಪ್ಪಿರಲಿಲ್ಲ. ಆದರೂ ಹೋದೆವು. ಒಂದಲ್ಲ, ಎರಡು ಸಲ. ಮೊದಲನೇ ಟೂರು ಪೂರ್ತಿ ದಂಡವಾಯಿತು. ಎರಡನೆಯದನ್ನು ಇವತ್ತಿಗೂ ನೆನೆಸಿಕೊಳ್ಳುತ್ತೇವೆ. ಮಕ್ಕಳ ಮನೆಗೆಂದು ಬ್ರಿಟನ್ನಿಗೆ ಹೋಗುವ ನಮ್ಮಂಥ ಅಪ್ಪ-ಅಮ್ಮಂದಿರಿಗೆ ಉಪಯೋಗಕ್ಕೆ ಬರಲಿ ಅಂತ ಇಷ್ಟು ಬರೆಯುತ್ತಿದ್ದೇನೆ.

ದುಡ್ಡು ಕಟ್ಟುವ ಮುಂಚೆ

ಮೊದಲನೇ ಸಲ ನಾವು ಆರಿಸಿದ್ದು "ಎರಡು ದಿನ, ಏಳು ಕೋಟೆ" ಅನ್ನುವ ಟೂರು. ಲೆಕ್ಕ ಹಾಕಿದರೆ ಬಲು ಅಗ್ಗ ಅನ್ನಿಸಿತು. ಏಳರಲ್ಲಿ ಒಳಗೆ ಹೋಗಿದ್ದು ಎರಡಕ್ಕೆ. ಎರಡನ್ನು ರಸ್ತೆ ಆಚೆ ನಿಂತು ನೋಡಿದೆವು. ಉಳಿದ ಮೂರನ್ನು ಗೈಡು ಮೈಕಿನಲ್ಲಿ "ನಿಮ್ಮ ಎಡಕ್ಕೆ, ನಿಮ್ಮ ಬಲಕ್ಕೆ" ಅಂತ ತೋರಿಸಿದ. ನಾನು ಎಡಕ್ಕೆ ತಿರುಗುವಷ್ಟರಲ್ಲಿ ಕೋಟೆ ಹಿಂದೆ ಹೋಗಿರುತ್ತಿತ್ತು.

ತಪ್ಪು ನಮ್ಮದೂ ಹೌದು. ಪಟ್ಟಿಯಲ್ಲಿ ಎಲ್ಲವೂ ಬರೆದಿತ್ತು. ನಾವು ಕೋಟೆಯ ಹೆಸರು ಓದಿದೆವು, ಅದರ ಮುಂದಿನ ಮಾತು ಓದಲಿಲ್ಲ. "ಎಂಟ್ರಿ ಇನ್‌ಕ್ಲೂಡೆಡ್" ಅಂತಿದ್ದರೆ ಮಾತ್ರ ಒಳಗೆ ಬಿಡಿಸುತ್ತಾರೆ. "ವಿಸಿಟ್" ಅಂತಷ್ಟೇ ಇದ್ದರೆ ಟಿಕೆಟ್ಟಿನ ದುಡ್ಡು ನಮ್ಮದೋ ಅವರದೋ ಕೇಳಿ. "ಫೋಟೋ ಸ್ಟಾಪ್" ಅಂದರೆ ಹದಿನೈದು ನಿಮಿಷ, ಅದರಲ್ಲೇ ಟಾಯ್ಲೆಟ್ಟೂ ಸೇರಿತು. "ವ್ಯೂ" ಅಂದರೆ ಕಿಟಕಿಯಿಂದ.

ಆಮೇಲೆ ಒಂದೊಂದು ಕೋಟೆಗೆ ಎಷ್ಟು ಹೊತ್ತು ಅಂತ ಬರೆದು ಕೇಳಿ. ಒಂದೂವರೆ ಗಂಟೆಗೆ ಕಡಿಮೆ ಇದ್ದರೆ ಆ ಕೋಟೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಗಾಡಿ ಓಡಿಸುವವರೇ ಗೈಡಾ, ಗೈಡು ಬೇರೆಯವರಾ ಅನ್ನುವುದನ್ನೂ ಕೇಳಿ. ಸ್ಟೀರಿಂಗ್ ಹಿಡಿದವರು ರಸ್ತೆ ನೋಡಬೇಕು. ಕೋಟೆಯೊಳಗೆ ನಿಮ್ಮ ಜೊತೆ ಬರುವುದೂ ಕಷ್ಟ. ಬ್ರಿಟನ್ನಿನಲ್ಲಿ ಪರೀಕ್ಷೆ ಪಾಸಾದ ಗೈಡುಗಳಿಗೆ ಬ್ಲೂ ಬ್ಯಾಡ್ಜ್ ಅಂತ ಕೊಡುತ್ತಾರೆ. ಎದೆ ಮೇಲೆ ಆ ನೀಲಿ ಬಿಲ್ಲೆ ಇದ್ದರೆ ಕಣ್ಣು ಮುಚ್ಚಿಕೊಂಡು ಹೋಗಬಹುದು.

ಗಾಡಿ ಚಿಕ್ಕದಾದಷ್ಟೂ ಒಳ್ಳೆಯದು. ಎರಡನೇ ಸಲ ನಾವು ಹೋಗಿದ್ದು ಹದಿನಾರು ಸೀಟಿನ ಮಿನಿ ಬಸ್ಸಿನಲ್ಲಿ. ಈ ಊರುಗಳ ಬೀದಿ ನಮ್ಮ ಪೇಟೆ ಬೀದಿಯಷ್ಟೇ ಅಗಲ. ಕಾನ್ವಿ ಅನ್ನುವ ಊರಿನಲ್ಲಂತೂ ಹಳೇ ಊರಗೋಡೆಯ ಕಮಾನಿನೊಳಗೇ ರಸ್ತೆ ನುಗ್ಗುತ್ತದೆ. ದೊಡ್ಡ ಕೋಚಾದರೆ ದೂರದಲ್ಲಿ ಇಳಿಸಿ ನಡೆಸುತ್ತಾರೆ. ಇನ್ನೊಂದು ವಿಷಯ. ಡ್ರೈವರು ನಾಲ್ಕೂವರೆ ಗಂಟೆ ಗಾಡಿ ಓಡಿಸಿದರೆ 45 ನಿಮಿಷ ಬಿಡುವು ತೆಗೆದುಕೊಳ್ಳಲೇಬೇಕು. ಅದು ಅಲ್ಲಿನ ಕಾನೂನು. "ಯಾಕಪ್ಪಾ ಇಲ್ಲಿ ಸುಮ್ನೆ ನಿಲ್ಲಿಸಿದ್ದಾರೆ" ಅಂತ ಗೊಣಗಬೇಡಿ. ಆ ಬಿಡುವನ್ನು ಕೋಟೆ ಹತ್ತಿರವೇ ಹೊಂದಿಸಿದ್ದಾರಾ, ಹೆದ್ದಾರಿಯ ಹೋಟೆಲಿನ ಹತ್ತಿರವಾ ಅಂತ ನೋಡಿದರೆ ಟೂರು ಮಾಡುವವರ ಬುದ್ಧಿ ಗೊತ್ತಾಗುತ್ತದೆ.

ಟಿಕೆಟ್ಟಿನ ವಿಷಯಕ್ಕೆ ಬಂದರೆ, ಕೋಟೆಗಳಿಗೆ ಅಲ್ಲಿ ಮುಖ್ಯವಾಗಿ ಇಬ್ಬರು ಯಜಮಾನರು. ಹಿಂದೆ ಇಂಗ್ಲೆಂಡಿನ ಎಡ್ವರ್ಡ್ ರಾಜ ಕಟ್ಟಿಸಿದ, ನಾವು ನೋಡಿದ ನಾಲ್ಕು ಹಳೇ ಕೋಟೆಗಳು ವೇಲ್ಸ್ ಸರ್ಕಾರದ ಇಲಾಖೆಯ ಕೈಯಲ್ಲಿವೆ. ಪೆನ್ರಿನ್, ಪೋವಿಸ್ ಕೋಟೆಗಳು ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆಯವು. ಒಬ್ಬರ ಪಾಸು ಇನ್ನೊಬ್ಬರಲ್ಲಿ ನಡೆಯುವುದಿಲ್ಲ. ಸರ್ಕಾರದ ಇಲಾಖೆಯ ಹೆಸರು ಕೇಳಿ ನಾನು ನಕ್ಕುಬಿಟ್ಟೆ. ಅದು "ಕಾದು". ವೇಲ್ಸ್ ಭಾಷೆಯಲ್ಲಿ ಹಾಗಂದರೆ ಕಾಪಾಡು, ಇಟ್ಟುಕೋ ಅಂತ ಅರ್ಥ. ನಮ್ಮ ಕಾಯು, ಕಾದು ಇದೆಯಲ್ಲ, ಥೇಟ್ ಹಾಗೇ! ಎರಡು ಭಾಷೆಗೂ ನಂಟೇನಿಲ್ಲ, ಬರೀ ಕಾಕತಾಳೀಯ. ಆದರೆ ಹೆಸರು ಮಾತ್ರ ಈ ಜನ್ಮದಲ್ಲಿ ಮರೆಯುವುದಿಲ್ಲ.

ವೀಸಾ ಬಗ್ಗೆ ಒಂದೇ ಮಾತು. ಬ್ರಿಟನ್ನಿನ ವಿಸಿಟರ್ ವೀಸಾ ಇದ್ದರೆ ವೇಲ್ಸ್‌ಗೆ ಬೇರೆ ಬೇಡ. ಯುರೋಪಿನ ಷೆಂಗೆನ್ ವೀಸಾ ಇಲ್ಲಿ ನಡೆಯುವುದಿಲ್ಲ.

ಕಾನ್ವಿ: ಒಳಗೆ ಹೋಗುವ ಮುಂಚೆ ಹೊರಗೆ ಸುತ್ತಿ

ಚೆಸ್ಟರ್ ಕಡೆಯಿಂದ ಕರಾವಳಿ ರಸ್ತೆಯಲ್ಲಿ ಪಶ್ಚಿಮಕ್ಕೆ ಹೋಗುವಾಗ ಬಲಗಡೆ ಕಿಟಕಿ ಹಿಡಿಯಿರಿ. ಸಮುದ್ರ ಅದೇ ಕಡೆ.

ಕಥೆ ಇಷ್ಟು ಗೊತ್ತಿದ್ದರೆ ಸಾಕು. ವೇಲ್ಸ್‌ನ ರಾಜಕುಮಾರ ಲೆವೆಲಿನ್ 1282ರ ಡಿಸೆಂಬರ್ 11ರಂದು ಇಂಗ್ಲಿಷರ ಕೈಯಲ್ಲಿ ಸತ್ತ. ಮರುವರ್ಷವೇ ಇಂಗ್ಲೆಂಡಿನ ರಾಜ ಒಂದನೇ ಎಡ್ವರ್ಡ್ ಕಾನ್ವಿ, ಕೈರ್ನಾರ್ವನ್, ಹಾರ್ಲೆಖ್ ಮೂರಕ್ಕೂ ಒಟ್ಟಿಗೆ ಕಲ್ಲು ಹಾಕಿಸಿದ. 1295ರಲ್ಲಿ ಬ್ಯುಮಾರಿಸ್ ಶುರುವಾಯಿತು. ಆಲ್ಪ್ಸ್ ಕಡೆಯ ಸಾವಾಯ್ ಸೀಮೆಯಿಂದ ಬಂದ ಜೇಮ್ಸ್ ಆಫ್ ಸೇಂಟ್ ಜಾರ್ಜ್ ಅನ್ನುವ ಮೇಸ್ತ್ರಿ ಇವುಗಳ ಉಸ್ತುವಾರಿ ನೋಡಿಕೊಂಡ. ನಾಲ್ಕೂ ಸೇರಿ 1986ರಲ್ಲಿ ಯುನೆಸ್ಕೋ ಪಟ್ಟಿಗೆ ಬಂದವು. ಎಲ್ಲವನ್ನೂ ನೀರಿನ ಪಕ್ಕದಲ್ಲೇ ಕಟ್ಟಿಸಿದ. ಬೆಟ್ಟದ ಜನ ದಾರಿ ಕಟ್ಟಿದರೂ ಹಡಗಿನಲ್ಲಿ ಕಾಳುಕಡಿ ಬರಬೇಕು, ಅದಕ್ಕೆ. 1294–95ರ ಚಳಿಗಾಲದಲ್ಲಿ ವೇಲ್ಸ್ ಜನ ದಂಗೆ ಎದ್ದಾಗ ಎಡ್ವರ್ಡನೇ ಕಾನ್ವಿಯೊಳಗೆ ಸಿಕ್ಕಿಹಾಕಿಕೊಂಡ!

ಕೋಟೆ ಸಿಕ್ಕಿದ ಕೂಡಲೇ ಟಿಕೆಟ್ ಕೌಂಟರಿಗೆ ಓಡಬೇಡಿ. ನಾನು ಸ್ಕೂಲ್ ಮಕ್ಕಳಿಗೆ ಹೇಳುತ್ತಿದ್ದ ಆಟವನ್ನೇ ಇಲ್ಲೂ ಆಡಿ. ನೀವೇ ಶತ್ರು ಅಂದುಕೊಳ್ಳಿ. ಎಲ್ಲಿಂದ ನುಗ್ಗುತ್ತೀರಿ? ಕಾನ್ವಿಯಲ್ಲಿ ಎಂಟು ಗೋಪುರ, ಕೆಳಗೆ ಬಂಡೆ, ಎರಡು ಕಡೆ ನೀರು. ಎಲ್ಲಿ ನಿಂತರೂ ಯಾವುದೋ ಒಂದು ಗೋಪುರದ ಸೀಳುಗಂಡಿ ನಿಮ್ಮನ್ನೇ ನೋಡುತ್ತಿರುತ್ತದೆ. ಆಗ ತಿಳಿಯುತ್ತದೆ, ಈ ಕೋಟೆ ಯಾರನ್ನು ಹೆದರಿಸಲು ಕಟ್ಟಿದ್ದು ಅಂತ. ಹೊರಗಿನಿಂದ ಬರುವ ಶತ್ರುವನ್ನಲ್ಲ, ಅಲ್ಲೇ ಹುಟ್ಟಿ ಬೆಳೆದವರನ್ನು. ಶ್ರೀರಂಗಪಟ್ಟಣದ ಕೋಟೆಯಲ್ಲಿ ನನಗೆ ಯಾವತ್ತೂ ಹಾಗನ್ನಿಸಿರಲಿಲ್ಲ.

ಗೋಪುರದ ಮೈಮೇಲೆ ಚಿಕ್ಕ ಚಿಕ್ಕ ಚೌಕ ತೂತುಗಳು ಕಾಣುತ್ತವೆ. ಸಾಲಾಗಿ, ಓರೆಯಾಗಿ, ಗೋಪುರವನ್ನು ಸುತ್ತಿಕೊಂಡು ಮೇಲಕ್ಕೆ ಹೋಗುತ್ತವೆ. ಗುಂಡಿನ ಗಾಯ ಅಂದುಕೊಂಡಿದ್ದೆ. ಅಲ್ಲ, ಸಾರ್ವೆ ಕಟ್ಟಿದ ತೂತು. ಗಾರೆ ಕೆಲಸದವರು ಆ ಓರೆ ಸಾರ್ವೆ ಮೇಲೆ ಕಲ್ಲು ಎಳೆದುಕೊಂಡು ಹೋಗುತ್ತಿದ್ದರು. ಸಾವಾಯ್ ಕಡೆಯ ಕೈಚಳಕ ಅದು. ಕೋಟೆ ಮತ್ತು ಊರಗೋಡೆ ಎರಡೂ 1283ರಿಂದ 1287ರೊಳಗೆ, ನಾಲ್ಕೇ ವರ್ಷದಲ್ಲಿ ಮುಗಿದವು. ಖರ್ಚು ಸುಮಾರು 15,000 ಪೌಂಡ್, ಆ ಕಾಲಕ್ಕೆ!

ಊರಗೋಡೆಯ ಮೇಲೆ ನಡೆಯಲು ದುಡ್ಡು ಕೊಡಬೇಕಿಲ್ಲ. ಒಟ್ಟು 1.3 ಕಿಲೋಮೀಟರ್, 21 ಗೋಪುರ. ದಕ್ಷಿಣದ ಕಡೆ ಗೋಡೆಯಿಂದ ಹೊರಗೆ ಚಾಚಿಕೊಂಡ ಹನ್ನೆರಡು ಕಲ್ಲಿನ ಗೂಡುಗಳಿವೆ. ಅವು ಕಕ್ಕಸು. ರಾಜನ ಕಚೇರಿಯ ಗುಮಾಸ್ತರಿಗೆ ಕಟ್ಟಿಸಿದ್ದು. ಯಜಮಾನರು ಇಡೀ ಟೂರಿನಲ್ಲಿ ಜಾಸ್ತಿ ಫೋಟೋ ತೆಗೆದದ್ದು ಅದನ್ನೇ. ಕೋಟೆಗೆ ಅಂಟಿಕೊಂಡೇ ಟೆಲ್‌ಫರ್ಡನ 1826ರ ತೂಗುಸೇತುವೆ, ಅದರ ಪಕ್ಕ ಸ್ಟೀಫನ್‌ಸನ್ನನ ರೈಲು ಸೇತುವೆ ಇದೆ. ರೈಲು ದೊಡ್ಡದೊಂದು ಕೊಳವೆಯೊಳಗೆ ಹೊಕ್ಕು ಆಚೆ ಬರುತ್ತದೆ. ಸೇತುವೆಯ ಬಾಯಿಗೂ ಕೋಟೆಯ ವೇಷ ಹಾಕಿಸಿದ್ದಾರೆ.

ಮೆಟ್ಟಿಲು, ಮಂಡಿ, ಮಳೆ

ಇದನ್ನು ಯಾವ ಬ್ರೋಷರಿನಲ್ಲೂ ಸರಿಯಾಗಿ ಬರೆಯುವುದಿಲ್ಲ. ಗೋಪುರಗಳ ಒಳಗೆ ಸುತ್ತುಮೆಟ್ಟಿಲು. ಒಂದು ಕಡೆ ಅಂಗೈ ಅಗಲ, ಇನ್ನೊಂದು ಕಡೆ ಒಂದು ಪಾದ. ಹತ್ತುವವರಿಗೂ ಇಳಿಯುವವರಿಗೂ ಅದೇ ದಾರಿ. ಹತ್ತುವ ಮುಂಚೆ ಕೆಳಗಿನಿಂದ ಕೂಗಿ ಕೇಳಿ, ಯಾರೂ ಇಲ್ಲ ಅಂದರೆ ಹತ್ತಿ. ಅಗಲ ಇರುವ ಹೊರಗಿನ ಗೋಡೆ ಕಡೆ ಕಾಲಿಡಿ. ಇಳಿಯುವಾಗ ನಾಚಿಕೆ ಬಿಟ್ಟು ಕೈ ಊರಿ. ಸೀರೆ ಬೇಡ, ಚಪ್ಪಲಿಯಂತೂ ಬೇಡವೇ ಬೇಡ. ನಾನು ಚೂಡಿದಾರ್, ಸ್ಪೋರ್ಟ್ಸ್ ಶೂ ಹಾಕಿದ್ದೆ. ಕೊಡೆಯನ್ನು ಬಸ್ಸಿನಲ್ಲೇ ಬಿಡಿ. ಗೋಡೆ ಮೇಲಿನ ಗಾಳಿಗೆ ಅದು ಉಲ್ಟಾ ಆಗುತ್ತದೆ. ಟೋಪಿ ಇರುವ ಮಳೆ ಜಾಕೆಟ್ಟೇ ಸರಿ. ಗಾಳಿ ಜೋರಾದರೆ ಗೋಪುರ ಮುಚ್ಚುತ್ತಾರೆ. ಅದಕ್ಕೆ ಬಿಸಿಲು ಬಂದ ಕೂಡಲೇ ಮೊದಲು ಮೇಲಕ್ಕೆ ಹೋಗಿ, ಮ್ಯೂಸಿಯಂ ಆಮೇಲೆ ನೋಡಿ.

ಯಜಮಾನರಿಗೆ ಎರಡೂ ಮಂಡಿ ನೋವು. ಎರಡನೇ ಟೂರಿನ ಗೈಡಮ್ಮ ಅದೇ ಊರಿನ ಕಡೆಯವರು, ಮನೆಮಾತು ವೇಲ್ಸ್ ಭಾಷೆ. ಇವರು ಮೆಟ್ಟಿಲು ಹತ್ತುವಾಗ ಹಿಂದಿನಿಂದ "ಆರಾವ್, ಆರಾವ್" ಅನ್ನುತ್ತಿದ್ದರು. ಯಜಮಾನರು "ಹೂಂ, ಆರಾಮಾಗೇ ಹೋಯ್ತಿವ್ನಿ" ಅಂತ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದರು. ಆರಾವ್ ಅಂದರೆ ನಿಧಾನ. ರಸ್ತೆ ಮೇಲೆ ದೊಡ್ಡ ಬಿಳಿ ಅಕ್ಷರದಲ್ಲಿ ಅದನ್ನೇ ಬರೆದಿರುತ್ತಾರೆ. ಅಲ್ಲಿನ ಬೋರ್ಡುಗಳಲ್ಲಿ ಎರಡೂ ಭಾಷೆ ಇರುತ್ತದೆ, ಈ ಕಡೆಯ ಊರುಗಳಲ್ಲಿ ಮೊದಲು ಅವರದು, ಆಮೇಲೆ ಇಂಗ್ಲಿಷು. "ದಿಯೋಲ್ಖ್" ಅಂದರೆ ಧನ್ಯವಾದ. ಕೈರ್ನಾರ್ವನ್ನಿನ ಅಂಗಡಿಯಲ್ಲಿ ಅದೊಂದು ಮಾತು ಹೇಳಿ ನೋಡಿ, ಮುಖ ಅರಳುತ್ತದೆ. ಬೆಂಗಳೂರಿನಲ್ಲಿ ಹೊರಗಿನವರು ಒಂದು ಮಾತು ಕನ್ನಡ ಆಡಿದರೆ ನಮಗೆ ಹೇಗಾಗುತ್ತದೆ, ಹಾಗೆ.

ಮಂಡಿ ನೋವಿನವರಿಗೆ ಬ್ಯುಮಾರಿಸ್ ಒಳ್ಳೆಯದು, ಪೂರ್ತಿ ಸಮತಟ್ಟು. ಕೈರ್ನಾರ್ವನ್ನಿನಲ್ಲಿ ಕಿಂಗ್ಸ್ ಗೇಟ್ ಅನ್ನುವ ಹೆಬ್ಬಾಗಿಲಿಗೆ 2023ರಿಂದ ಲಿಫ್ಟು ಬಂದಿದೆ. ಹಾರ್ಲೆಖ್ ಬಂಡೆಯ ಮೇಲಿದ್ದರೂ ಊರಿನ ಕಡೆಯಿಂದ ಕಾಲುಸೇತುವೆ ಇದೆ. ಕೆಳಗಿನಿಂದ ಹತ್ತಿಸುವ ಟೂರು ಬೇಡ.

ಉಳಿದ ಮೂರು

ಆಂಗ್ಲ್‌ಸಿ ಅನ್ನುವ ದ್ವೀಪದ ಮೇಲಿರುವ ಬ್ಯುಮಾರಿಸ್ ನನ್ನ ಪ್ರೀತಿಯ ಕೋಟೆ. ಅದು ಮುಗಿಯಲೇ ಇಲ್ಲ. ಗೋಡೆಯೊಳಗೆ ಗೋಡೆ, ಸುತ್ತ ನೀರು ತುಂಬಿದ ಕಂದಕ, ಹಡಗು ಬಂದು ನಿಲ್ಲುವ ಕಟ್ಟೆ ಎಲ್ಲ ಉಂಟು. ಆದರೆ ಗೋಪುರಗಳು ಅರ್ಧಕ್ಕೆ ನಿಂತಿವೆ. ಎಡ್ವರ್ಡನ ದುಡ್ಡು ಸ್ಕಾಟ್ಲೆಂಡಿನ ಯುದ್ಧಕ್ಕೆ ಹೋಯಿತು. ಮೇಸ್ತ್ರಿ ಜೇಮ್ಸ್ 1296ರಲ್ಲಿ ರಾಜನ ಖಜಾನೆಗೆ ಬರೆದ ಕಾಗದ ಇನ್ನೂ ಉಳಿದಿದೆ. ವಾರಕ್ಕೆ ಇಷ್ಟು ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ನಿಮಗೆ ಅನ್ನಿಸಬಹುದು, ಲೆಕ್ಕ ತಗೊಳ್ಳಿ ಅಂತ ಒಂದೊಂದೇ ಹೇಳುತ್ತಾನೆ. 400 ಕಲ್ಲುಕುಟಿಗರು, 2,000 ಕೂಲಿಯವರು, 200 ಕ್ವಾರಿ ಕೆಲಸದವರು, 30 ಕಮ್ಮಾರರು, 30 ದೋಣಿ. ಸಂಬಳ ಬಾಕಿ ಇರುವುದರಿಂದ ಜನರನ್ನು ಹಿಡಿದಿಟ್ಟುಕೊಳ್ಳುವುದೇ ಕಷ್ಟ ಅನ್ನುವುದೇ ಅವನ ಗೋಳು. ಬಿಲ್ ಪಾಸಾಗದ ಯಾವ ಕಂಟ್ರಾಕ್ಟರೂ ಇದನ್ನೇ ಬರೆಯುತ್ತಾನೆ, ಅಲ್ವಾ? ಇನ್ನೊಂದನ್ನು ಗೈಡು ಹೇಳದಿದ್ದರೆ ನೀವೇ ಕೇಳಿ. ಇಲ್ಲಿ ಪಕ್ಕದಲ್ಲೇ ಲ್ಯಾನ್‌ವೈಸ್ ಅನ್ನುವ ವೇಲ್ಸ್ ಜನರ ಊರಿತ್ತು. ಕೋಟೆಗೋಸ್ಕರ ಅವರನ್ನೆಲ್ಲ ದ್ವೀಪದ ಇನ್ನೊಂದು ಮೂಲೆಗೆ ಎಬ್ಬಿಸಿ ಕಳಿಸಿದರು. ಆ ಹೊಸ ಊರಿನ ಹೆಸರು ಇವತ್ತಿಗೂ ನ್ಯೂಬರೋ, ಅಂದರೆ ಹೊಸೂರು.

ಕೈರ್ನಾರ್ವನ್ ದೊಡ್ಡದು, ಜಂಬದ್ದು. ಬಣ್ಣ ಬಣ್ಣದ ಕಲ್ಲಿನ ಪಟ್ಟಿ, ದುಂಡಗಿರದೆ ಹಲವು ಮುಖಗಳಿರುವ ಗೋಪುರ. ಎರಡನೇ ಎಡ್ವರ್ಡ್ 1284ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಈಗಿನ ರಾಜ ಚಾರ್ಲ್ಸ್‌ಗೆ 1969ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಪಟ್ಟ ಕಟ್ಟಿದ ಸ್ಲೇಟ್ ಕಲ್ಲಿನ ವೇದಿಕೆ ಅಂಗಳದಲ್ಲೇ ಇದೆ. ಎಲ್ಲರೂ ಅದರ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮ ಗೈಡಮ್ಮ ಮಾತ್ರ ಆಚೆ ಕಡೆ ತಿರುಗಿ ನಿಂತಿದ್ದರು. ಕೇಳಿದ್ದಕ್ಕೆ "ನಮ್ಮ ಅಪ್ಪ ಆ ದಿನ ಟಿವಿ ಹಾಕಲು ಬಿಡಲಿಲ್ಲ" ಅಂದರು.

ಅಲ್ಲಿಂದ ಹಾರ್ಲೆಖ್‌ಗೆ ಕರಾವಳಿ ಕಡೆಯ ನೇರ ದಾರಿಯೂ ಇದೆ, ಲ್ಯಾನ್‌ಬೆರಿಸ್ ಕಣಿವೆಯ ದಾರಿಯೂ ಇದೆ. ಎರಡನೆಯದನ್ನೇ ಹಿಡಿಯುವ ಟೂರು ಆರಿಸಿ. ವೇಲ್ಸ್‌ನ ಅತಿ ಎತ್ತರದ ಬೆಟ್ಟ, 1,085 ಮೀಟರಿನ ಅರ್ ವಿದ್‌ವಾ, ಈ ದಾರಿಯಲ್ಲೇ. ಇಂಗ್ಲಿಷಿನಲ್ಲಿ ಸ್ನೋಡನ್ ಅಂತಿದ್ದರು. 2022ರಿಂದ ಅಲ್ಲಿನ ರಾಷ್ಟ್ರೀಯ ಉದ್ಯಾನದವರು ವೇಲ್ಸ್ ಹೆಸರನ್ನೇ ಬಳಸುತ್ತಾರೆ. ಕೆರೆ ಪಕ್ಕ ಡೋಲ್ಬಾಡರ್ನ್ ಅನ್ನುವ ಒಂಟಿ ದುಂಡು ಗೋಪುರ ನಿಂತಿದೆ. ಟಿಕೆಟ್ಟಿಲ್ಲ, ಜನವೂ ಇಲ್ಲ. ಇದು ವೇಲ್ಸ್ ರಾಜಕುಮಾರರೇ ಕಟ್ಟಿದ್ದು. ಎಡ್ವರ್ಡ್ ಇದರ ಮರ ಕಿತ್ತು ಕೈರ್ನಾರ್ವನ್ ಕಟ್ಟಲು ಒಯ್ದ. ಸುತ್ತಲಿನ ಬೆಟ್ಟಗಳನ್ನು ಸ್ಲೇಟ್ ಕಲ್ಲಿಗಾಗಿ ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದಾರೆ. ಆ ಸೀಮೆಯೂ 2021ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು.

ಮುಂದೆ ಬೆದ್‌ಗೆಲರ್ಟ್ ಅನ್ನುವ ಪುಟ್ಟ ಊರು. ಅಲ್ಲಿ ಒಂದು ನಾಯಿಯ ಸಮಾಧಿ ತೋರಿಸುತ್ತಾರೆ. ಮಗುವನ್ನು ತೋಳದಿಂದ ಕಾಪಾಡಿದ ನಾಯಿಯನ್ನು ಬಾಯಿಯ ರಕ್ತ ನೋಡಿ ರಾಜ ಕೊಂದುಬಿಟ್ಟ ಅನ್ನುವ ಕಥೆ. ಕೇಳುತ್ತಿದ್ದಂತೆ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಪಂಚತಂತ್ರದ ಮುಂಗುಸಿ ಕಥೆ! ಹದಿನೆಂಟನೇ ಶತಮಾನದ ಕೊನೆಯಲ್ಲಿ ಅಲ್ಲಿನ ಹೋಟೆಲಿನವನೊಬ್ಬ ಗಿರಾಕಿ ಬರಲಿ ಅಂತ ಕಥೆಯನ್ನು ಊರಿಗೆ ಅಂಟಿಸಿದ ಅನ್ನುತ್ತಾರೆ.

ಹಾರ್ಲೆಖ್‌ನಲ್ಲಿ ಮೊದಲು ಪಶ್ಚಿಮದ ಗೋಡೆಗೆ ಹೋಗಿ. ಸಮುದ್ರ ಎಲ್ಲೋ ದೂರದಲ್ಲಿ ಕಾಣುತ್ತದೆ. ಕೋಟೆ ಕಟ್ಟಿದಾಗ ನೀರು ಬಂಡೆಯ ಬುಡದವರೆಗೂ ಬರುತ್ತಿತ್ತು. ಹಡಗಿನಿಂದ ಸಾಮಾನು ಹೊರಲು ಮಾಡಿದ 108 ಮೆಟ್ಟಿಲು ಇವತ್ತು ಒಣ ನೆಲಕ್ಕೆ ಇಳಿಯುತ್ತವೆ. 1461ರಿಂದ 1468ರವರೆಗೆ ಏಳು ವರ್ಷ ಈ ಕೋಟೆ ಶರಣಾಗದೆ ನಿಂತಿತ್ತು. ತಿರುಗಿ ಉತ್ತರಕ್ಕೆ ನೋಡಿದರೆ ನೀವು ಆಗಷ್ಟೇ ದಾಟಿ ಬಂದ ಬೆಟ್ಟಸಾಲು.

ಊಟ

ಸಸ್ಯಾಹಾರಿಗಳು ಹಸಿದು ಕೂರಬೇಕಿಲ್ಲ. ಆದರೆ ಕೇಳಿ ತಿನ್ನಿ. ವೆಲ್ಷ್ ರೇರ್‌ಬಿಟ್ ಅಂದರೆ ಬ್ರೆಡ್ಡಿನ ಮೇಲೆ ಚೀಸ್ ಸಾಸ್. ಮಾಂಸ ಇಲ್ಲ, ಆದರೆ ಅದಕ್ಕೆ ಹಾಕುವ ವೂಸ್ಟರ್ ಸಾಸಿನಲ್ಲಿ ಸಾಮಾನ್ಯವಾಗಿ ಮೀನಿರುತ್ತದೆ. ಕಾವಲಿ ಮೇಲೆ ಬೇಯಿಸುವ ವೆಲ್ಷ್ ಕೇಕ್ ಚೆನ್ನಾಗಿರುತ್ತದೆ. ಬೆಣ್ಣೆಯದಾ, ಹಂದಿ ಕೊಬ್ಬಿನದಾ ಕೇಳಿ. ನಾವು ಡಬ್ಬಿಯಲ್ಲಿ ಚಪಾತಿ, ಚಟ್ನಿಪುಡಿ ಒಯ್ದಿದ್ದೆವು. ಬ್ಯುಮಾರಿಸ್ ಕಂದಕದ ಪಕ್ಕದ ಹುಲ್ಲಿನ ಮೇಲೆ ಕೂತು ತಿಂದೆವು. ಹಂಸ ಬಂದು ಚಪಾತಿ ಕೇಳಿತು.

ಪೋವಿಸ್: ಟೂರಿನಲ್ಲಿ ಇರುವುದಿಲ್ಲ, ನೀವೇ ಹೋಗಬೇಕು

ಈ ಎಲ್ಲ ಕೋಟೆಗಳಿಂದ ದೂರ, ಇಂಗ್ಲೆಂಡಿನ ಗಡಿ ಹತ್ತಿರ ವೆಲ್ಷ್‌ಪೂಲ್ ಅನ್ನುವ ಊರಿದೆ. ಶ್ರೂಸ್‌ಬರಿಯಲ್ಲಿ ರೈಲು ಬದಲಾಯಿಸಿ ಹೋಗಬಹುದು. ಸ್ಟೇಷನ್ನಿನಿಂದ ಊರು ದಾಟಿ, ಜಿಂಕೆ ಬಿಟ್ಟಿರುವ ಪಾರ್ಕಿನೊಳಗೆ ನಡೆದರೆ ಕೆಂಪು ಕಲ್ಲಿನ ಪೋವಿಸ್ ಕೋಟೆ. ಲೆವೆಲಿನ್‌ಗೆ ಎದುರಾಗಿ ಎಡ್ವರ್ಡನ ಕಡೆ ಸೇರಿಕೊಂಡ ವೇಲ್ಸ್ ದೊರೆಯೊಬ್ಬನ ಮನೆತನದ್ದು ಇದು. ಹೆಸರು ಗ್ರಿಫಿದ್ ಅಪ್ ಗ್ವೆನ್‌ವಿನ್‌ವಿನ್. ಲೆವೆಲಿನ್ ಮನೆತನ ಅಳಿಯಿತು, ಇವರದು ಉಳಿಯಿತು. ಯಜಮಾನರು ಹೇಳಿದ್ದು ಒಂದೇ ಮಾತು: "ಮೀರ್ ಸಾದಿಕ್."

ಕನ್ನಡದವರು ಇಲ್ಲಿಗೆ ಬರಬೇಕಾದ ಕಾರಣವೇ ಬೇರೆ. ರಾಬರ್ಟ್ ಕ್ಲೈವನ ಮಗ ಎಡ್ವರ್ಡ್ ಕ್ಲೈವ್ ಈ ಮನೆಯ ಹೆಣ್ಣುಮಗಳು ಹೆನ್ರಿಯೆಟ್ಟಾಳನ್ನು ಮದುವೆಯಾಗಿದ್ದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಅವನು ಮದ್ರಾಸಿನ ಗವರ್ನರ್. ಮರುವರ್ಷ ಹೆನ್ರಿಯೆಟ್ಟಾ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮದ್ರಾಸಿನಿಂದ ಬೆಂಗಳೂರು, ಶ್ರೀರಂಗಪಟ್ಟಣ ಎಲ್ಲ ಸುತ್ತಿದಳು. ಆ ಸಂಸಾರ ತಂದ ಸಾಮಾನುಗಳು ಇಲ್ಲಿನ ಕ್ಲೈವ್ ಮ್ಯೂಸಿಯಂನಲ್ಲಿವೆ. ಟಿಪ್ಪುವಿನ ಸಿಂಹಾಸನದಿಂದ ಕಿತ್ತ, ರತ್ನ ಕೂರಿಸಿದ ಚಿನ್ನದ ಹುಲಿ ತಲೆ ಅಲ್ಲಿದೆ. ಮುಷ್ಟಿಯಲ್ಲಿ ಹಿಡಿಯುವಷ್ಟು ಚಿಕ್ಕದು. ಟಿಪ್ಪುವಿನ ಗುಡಾರವೂ ಇದೆ. ಬಿಳಿ ಹತ್ತಿ ಬಟ್ಟೆ, ಮೇಲೆ ಹೂದಾನಿ, ಹೂಬಳ್ಳಿಯ ಚಿತ್ತಾರ. ಬಹಳ ಕಾಲ ಅದನ್ನು ಈ ತೋಟದಲ್ಲಿ ಪಾರ್ಟಿ ಮಾಡುವಾಗ ಶಾಮಿಯಾನದಂತೆ ಕಟ್ಟುತ್ತಿದ್ದರಂತೆ.

ಹೋಗುವ ದಿನ ಕೋಟೆಯ ಒಳಭಾಗ, ಮ್ಯೂಸಿಯಂ ಎರಡೂ ತೆರೆದಿರುತ್ತವಾ ಅಂತ ಮೊದಲೇ ನೋಡಿಕೊಳ್ಳಿ. ತೋಟ ತೆರೆದಿದ್ದ ಮಾತ್ರಕ್ಕೆ ಒಳಗೆ ಬಿಡುತ್ತಾರೆ ಅಂತಿಲ್ಲ. ಬಟ್ಟೆಯ ಬಣ್ಣ ಹೋಗಬಾರದು ಅಂತ ಬೆಳಕು ಬಹಳ ಮಂದ ಇಟ್ಟಿರುತ್ತಾರೆ. ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ನಿಲ್ಲಿ. ಕ್ಯಾಮೆರಾದ ಫ್ಲಾಷ್ ಆಫ್ ಮಾಡಿ.

ನಾವು ಬಹಳ ಹೊತ್ತು ನಿಂತೇ ಇದ್ದದ್ದನ್ನು ನೋಡಿ ಅಲ್ಲಿನ ಅಜ್ಜಿಯೊಬ್ಬರು, ವಾಲಂಟಿಯರ್, ಹತ್ತಿರ ಬಂದು ಎಲ್ಲಿಂದ ಬಂದಿರಿ ಅಂತ ಕೇಳಿದರು. ಶ್ರೀರಂಗಪಟ್ಟಣ ಅಂದೆ. ಅವರಿಗೆ ತಿಳಿಯಲಿಲ್ಲ. ಗಾಜಿನ ಪಕ್ಕದ ಫಲಕದಲ್ಲಿದ್ದ "ಸೆರಿಂಗಪಟಂ" ಅನ್ನುವ ಹೆಸರಿನ ಮೇಲೆ ಬೆರಳಿಟ್ಟು, ಇದು ನಮ್ಮೂರು ಅಂದೆ. ಅವರು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ತಾವು ಕೂತಿದ್ದ ಕುರ್ಚಿಯನ್ನು ಎಳೆದು ತಂದು ಹುಲಿಯ ಮುಂದೆ ಹಾಕಿದರು. ಯಜಮಾನರು ಮಂಡಿ ಹಿಡಿದುಕೊಂಡು ಕೂತರು. ಮ್ಯಾಂಚೆಸ್ಟರಿಗೆ ಹೊರಡಬೇಕಿದ್ದ ರೈಲು ತಪ್ಪಿತು. ಮುಂದಿನ ರೈಲಿಗೆ ಬಹಳ ಹೊತ್ತು ಕಾಯಬೇಕಾಗುತ್ತದೆ, ವಾಪಸ್ಸಿನ ವೇಳೆ ಮೊದಲೇ ಬರೆದಿಟ್ಟುಕೊಳ್ಳಿ.